ವಿದ್ಯಾರ್ಥಿ ಸೋದರ ಸಂಘಗಳು: ಇತಿಹಾಸ, ಧ್ಯೇಯ, ಆಡಳಿತ

ಊರು ಬಿಟ್ಟು ಪರಸ್ಥಳಕ್ಕೆ ವಿದ್ಯಾರ್ಜನೆಗಾಗಿ ಹೋದ ತರುಣನಿಗೆ ಗುರುವಿನಷ್ಟೇ ಅವಶ್ಯವಾದುದು ಜೊತೆಗಾರರ ಬಳಗ. ಅನ್ನ, ವಸತಿ, ಕಾಯಿಲೆಯಲ್ಲಿ ಆರೈಕೆ, ಮನಸ್ಸು ಕುಗ್ಗಿದಾಗ ನಾಲ್ಕು ಮಾತು, ಇವು ಯಾವ ಪಠ್ಯಕ್ರಮದಲ್ಲಿಯೂ ಸೇರಿದವಲ್ಲ. ಆದರೆ ಇವಿಲ್ಲದೆ ವಿದ್ಯೆ ಸಾಗದು. ಒಬ್ಬನೇ ಗುರುವಿನ ಬಳಿ ಕಲಿತವರನ್ನು ಸಂಸ್ಕೃತದಲ್ಲಿ ‘ಸತೀರ್ಥ’ರೆಂದೂ, ಒಂದೇ ವ್ರತದಲ್ಲಿದ್ದು ವೇದಾಧ್ಯಯನ ಮಾಡಿದವರನ್ನು ‘ಸಬ್ರಹ್ಮಚಾರಿ’ಗಳೆಂದೂ ಕರೆದಿರುವುದುಂಟು. ಅಮೆರಿಕದ ಕಾಲೇಜುಗಳಲ್ಲಿ ಈ ಬಾಂಧವ್ಯವೇ ನಿಯಮಾವಳಿ, ಅಧಿಕಾರಿವರ್ಗ, ಸ್ವಂತ ಮನೆ, ಆಸ್ತಿಪಾಸ್ತಿಗಳುಳ್ಳ ಸಂಸ್ಥೆಯಾಗಿ ಬೆಳೆದು ‘ಫ್ರೆಟರ್ನಿಟಿ’ ಎಂಬ ಹೆಸರು ಪಡೆಯಿತು. ಇದನ್ನು ಕನ್ನಡದಲ್ಲಿ ಸೋದರ ಸಂಘವೆನ್ನಬಹುದು. ವಡೋದರದ ಗೋರ್ವಾ, ಫತೇಗಂಜ್ ಮೊದಲಾದ ಬಡಾವಣೆಗಳಿಂದ ಮಕ್ಕಳನ್ನು ಆ ದೇಶಕ್ಕೆ ಓದಲು ಕಳುಹಿಸುವ ತಂದೆತಾಯಿಗಳ ಕಿವಿಗೂ ಇಂದು ಈ ಪದ ಬೀಳುತ್ತಿರುವುದರಿಂದ, ಅದರ ಹುಟ್ಟು, ಧ್ಯೇಯ ಮತ್ತು ಆಡಳಿತವನ್ನು ತಿಳಿಯುವುದು ಅಪ್ರಸ್ತುತವಾಗದು. ಅದಕ್ಕೆ ಸಮೀಪವಾದ ನಿದರ್ಶನಗಳು ಈ ನೆಲದಲ್ಲಿಯೂ ದೊರೆಯುತ್ತವೆ.

ಗ್ರೀಕ್ ಅಕ್ಷರಗಳ ಹೆಸರುಳ್ಳ ಅಮೆರಿಕದ ಮೊದಲ ಸೋದರ ಸಂಘವು ಹುಟ್ಟಿದ್ದು 1776ರ ಡಿಸೆಂಬರ್ 5ರಂದು, ವರ್ಜೀನಿಯ ಪ್ರಾಂತದ ವಿಲಿಯಂ ಮತ್ತು ಮೇರಿ ಕಾಲೇಜಿನಲ್ಲಿ. ಅದೇ ವರ್ಷ ಆ ದೇಶ ತನ್ನ ಸ್ವಾತಂತ್ರ್ಯವನ್ನು ಘೋಷಿಸಿಕೊಂಡಿತ್ತು. ಐವರು ವಿದ್ಯಾರ್ಥಿಗಳು ಸೇರಿ ಕಟ್ಟಿದ ಈ ಸಂಘಕ್ಕೆ ‘ಫೈ ಬೀಟಾ ಕ್ಯಾಪ’ ಎಂದು ಹೆಸರು. ಜ್ಞಾನಪ್ರೇಮವೇ ಬಾಳಿನ ದಾರಿದೀಪವೆಂಬರ್ಥದ ಗ್ರೀಕ್ ವಾಕ್ಯವೊಂದರ ಪದಗಳ ಮೊದಲಕ್ಷರಗಳು ಅವು. ಸದಸ್ಯರು ಪ್ರತಿಜ್ಞೆ ಸ್ವೀಕರಿಸುತ್ತಿದ್ದರು. ಗುಪ್ತವಾದ ಕೈಕುಲುಕು, ಪದಕ, ಸಂಕೇತಗಳಿದ್ದವು. ಸಭೆಗಳಲ್ಲಿ ಪ್ರಬಂಧಗಳನ್ನು ಓದಿ ವಾದ ಮಾಡುತ್ತಿದ್ದರು. ಅಧ್ಯಾಪಕರ ಕಣ್ಣಿನಿಂದ ದೂರವಾಗಿ, ನಿರ್ಭಯವಾಗಿ ವಿಚಾರ ಮಾಡುವ ಒಂದು ಎಡೆ ಬೇಕೆಂಬುದೇ ಈ ಗೋಪ್ಯಕ್ಕೆ ಕಾರಣ. ಯೇಲ್ ಕಾಲೇಜಿನಲ್ಲಿ 1780ರಲ್ಲಿಯೂ ಹಾರ್ವರ್ಡಿನಲ್ಲಿ 1781ರಲ್ಲಿಯೂ ಅದರ ಶಾಖೆಗಳು ತೆರೆದವು. ಅತ್ತ ಯುದ್ಧವು ಹತ್ತಿರ ಬಂದುದರಿಂದ 1781ರಲ್ಲಿ ಮೂಲ ಸಂಘವೇ ಬಾಗಿಲು ಮುಚ್ಚಿತು. ಶಾಖೆಗಳಿದ್ದುದರಿಂದ ಮಾತ್ರ ಆ ಸಂಪ್ರದಾಯ ಉಳಿಯಿತು. ದೂರದೂರದ ಶಾಖೆಗಳಾಗಿ ಹರಡುವ ಈ ಕ್ರಮವೇ ಮುಂದಿನ ಎಲ್ಲ ಸೋದರ ಸಂಘಗಳ ಅಸ್ತಿಭಾರವಾಯಿತು.

ಗೋಪ್ಯದ ವಿಷಯದಲ್ಲಿ ಆ ದೇಶದಲ್ಲಿಯೇ ಬಲವಾದ ಆಕ್ಷೇಪ ಹುಟ್ಟಿತು. ಗುಪ್ತ ಸಂಘಗಳ ವಿರುದ್ಧ ಜನಾಭಿಪ್ರಾಯ ಕೆರಳಿದ ಕಾಲದಲ್ಲಿ, 1831ರಲ್ಲಿ, ಹಾರ್ವರ್ಡಿನ ಶಾಖೆಯು ತನ್ನ ರಹಸ್ಯವನ್ನು ಬಿಟ್ಟುಕೊಟ್ಟಿತು. ಫೈ ಬೀಟಾ ಕ್ಯಾಪ ಕ್ರಮೇಣ ಪಾಂಡಿತ್ಯಕ್ಕೆ ಮನ್ನಣೆ ನೀಡುವ ಗೌರವ ಸಂಸ್ಥೆಯಾಗಿ ಮಾರ್ಪಟ್ಟಿತು. ಆದರೆ ಗೋಪ್ಯದ ಆಕರ್ಷಣೆ ಅಳಿಯಲಿಲ್ಲ. ನ್ಯೂಯಾರ್ಕ್ ಪ್ರಾಂತದ ಯೂನಿಯನ್ ಕಾಲೇಜಿನಲ್ಲಿ 1825ರಿಂದ 1827ರವರೆಗೆ ಮೂರು ಸಂಘಗಳು ಹುಟ್ಟಿ, ಇಂದು ರೂಢಿಯಲ್ಲಿರುವ ಸಾಮಾಜಿಕ ಸೋದರ ಸಂಘಕ್ಕೆ ಮಾದರಿಯಾದವು. ಇದಕ್ಕೆ ಪ್ರತಿಯಾಗಿ 1834ರಲ್ಲಿ ವಿಲಿಯಮ್ಸ್ ಕಾಲೇಜಿನ ವಿದ್ಯಾರ್ಥಿಗಳು, ಗುಪ್ತ ಸಂಘಗಳು ಯೋಗ್ಯತೆಯನ್ನು ಬದಿಗಿಟ್ಟು ತಮ್ಮವರಿಗೇ ಪದವಿ ಹಂಚುತ್ತವೆಂದು ವಿರೋಧಿಸಿ, ಬೇರೊಂದು ಸಂಘವನ್ನೇ ಕಟ್ಟಿದರು. ಅದು ಮುಂದೆ ‘ಡೆಲ್ಟಾ ಅಪ್ಸಿಲಾನ್’ ಎಂದು ಹೆಸರಾಯಿತು. ಅಂದರೆ ಸೋದರಭಾವ ಬೇಕು, ಮುಚ್ಚುಮರೆ ಬೇಡ ಎಂಬ ವಾದವೂ ಈ ಸಂಸ್ಥೆಗಳಷ್ಟೇ ಹಳೆಯದು.

ಇನ್ನೊಂದು ತೊಡಕು ಪ್ರವೇಶದ್ದು. ಆರಂಭದ ಸಂಘಗಳು ಬಿಳಿಯ ಪುರುಷ ವಿದ್ಯಾರ್ಥಿಗಳ ಸ್ವತ್ತಾಗಿದ್ದವು. ಹೊರಗುಳಿದವರು ತಮ್ಮದೇ ಮನೆ ಕಟ್ಟಿಕೊಂಡರು. ಸ್ತ್ರೀಯರ ಸೋದರಿ ಸಂಘಗಳಲ್ಲಿ ಮೊದಲಿನವು 1867 ಮತ್ತು 1870ರಲ್ಲಿ ಹುಟ್ಟಿದವು. ಫೈ ಬೀಟಾ ಕ್ಯಾಪ 1875ರಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಮೊದಲ ಬಾರಿಗೆ ಸ್ತ್ರೀಯರನ್ನು ಸೇರಿಸಿಕೊಂಡಿತು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1906ರಲ್ಲಿ ಏಳು ಮಂದಿ ಕರಿಯ ವಿದ್ಯಾರ್ಥಿಗಳು ‘ಆಲ್ಫಾ ಫೈ ಆಲ್ಫಾ’ ಸಂಘವನ್ನು ಸ್ಥಾಪಿಸಿದರು. ಮಾರ್ಟಿನ್ ಲೂಥರ್ ಕಿಂಗ್ ಮುಂದೆ ಇದರ ಸದಸ್ಯರಾದರು. ಹೊರಗಿಟ್ಟವರ ಸಂಘ ಮತ್ತು ಹೊರಗುಳಿದವರ ಸಂಘ ನೋಟಕ್ಕೆ ಒಂದೇ ತೆರನಾದರೂ ಅವುಗಳ ಉದ್ದೇಶ ಒಂದೇ ಅಲ್ಲ. ಒಂದು ತನ್ನ ಸ್ಥಾನವನ್ನು ಕಾಯ್ದುಕೊಳ್ಳುವುದಕ್ಕೆ, ಇನ್ನೊಂದು ಸ್ಥಾನವನ್ನು ಪಡೆಯುವುದಕ್ಕೆ.

ಇವುಗಳ ಆಡಳಿತವು ಎರಡು ಹಂತಗಳಲ್ಲಿ ನಡೆಯುತ್ತದೆ. ಕಾಲೇಜಿನಲ್ಲಿರುವ ಶಾಖೆಯು ತನ್ನ ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧಿಕಾರಿಗಳನ್ನು ತಾನೇ ಚುನಾಯಿಸುತ್ತದೆ. ಹೊಸಬರಿಗೆ ಮೊದಲು ಆಹ್ವಾನ, ಬಳಿಕ ಉಮೇದುವಾರಿಯ ಅವಧಿ, ಕೊನೆಗೆ ದೀಕ್ಷಾವಿಧಿ. ಸದಸ್ಯರ ವಂತಿಗೆಯಿಂದ ಖರ್ಚು ಸಾಗುತ್ತದೆ. ಇದರ ಮೇಲೆ ದೇಶವ್ಯಾಪಿಯಾದ ಕೇಂದ್ರ ಮಂಡಲಿಯಿದ್ದು, ಶಾಖೆಗೆ ಸನ್ನದು ಕೊಡುವ ಹಾಗೂ ಅದನ್ನು ಹಿಂತೆಗೆದುಕೊಳ್ಳುವ ಅಧಿಕಾರ ಅದಕ್ಕುಂಟು. ವಾಸದ ಮನೆಯನ್ನು ಅನೇಕ ಕಡೆಗಳಲ್ಲಿ ಹಳೆಯ ವಿದ್ಯಾರ್ಥಿಗಳ ಮಂಡಲಿ ನೋಡಿಕೊಳ್ಳುತ್ತದೆ. ವಿಶ್ವವಿದ್ಯಾಲಯದ ಮನ್ನಣೆ ಬೇರೆಯೇ ಬೇಕು. ಹೀಗೆ ಇಪ್ಪತ್ತು ವರ್ಷದ ಹುಡುಗರು ಲೆಕ್ಕ ಬರೆಯುವುದನ್ನೂ, ಸಭೆ ನಡೆಸುವುದನ್ನೂ, ಮತಕ್ಕೆ ತಲೆಬಾಗುವುದನ್ನೂ ಕಲಿಯುತ್ತಾರೆ. ಇದು ಈ ಪದ್ಧತಿಯ ದೊಡ್ಡ ಗುಣ. ಆದರೆ ಉಮೇದುವಾರಿಯ ಅವಧಿಯಲ್ಲಿ ಹೊಸಬನನ್ನು ಪೀಡಿಸುವ ಕೆಟ್ಟ ಚಾಳಿಯೂ ಅದರೊಡನೆ ಬೆಳೆದು, ಪ್ರಾಣಹಾನಿಗಳಾಗಿವೆ. ಇಂಥ ಘಟನೆಗಳನ್ನು ಕಾಲೇಜುಗಳು ಬಹಿರಂಗವಾಗಿ ವರದಿ ಮಾಡಬೇಕೆಂದು ಅಮೆರಿಕದ ಒಕ್ಕೂಟ ಸರ್ಕಾರವು 2024ರ ಡಿಸೆಂಬರಿನಲ್ಲಿ ಕಾನೂನು ಮಾಡಿತು. ಗೋಪ್ಯವು ಮೊದಲು ವಿಚಾರಸ್ವಾತಂತ್ರ್ಯಕ್ಕೆ ಆಶ್ರಯವಾಗಿತ್ತು. ಕೊನೆಗೆ ಅಪರಾಧಕ್ಕೆ ಮರೆಯಾಯಿತು.

ಭಾರತದಲ್ಲಿ ಸೋದರ ಸಂಘದ ಸ್ಥಾನವನ್ನು ತುಂಬಿದ್ದು ವಿದ್ಯಾರ್ಥಿನಿಲಯ. ಇದರ ಬೇರು ಕನ್ನಡನಾಡಿನಲ್ಲಿ ಬಹಳ ಆಳಕ್ಕೆ ಹೋಗಿದೆ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಸ್ಥಾಪಿಸಿದ ವಿದ್ಯಾಶಾಲೆಗೆ ನಾನಾ ದೇಶಗಳ ವಿದ್ಯಾರ್ಥಿಗಳು ಬರುತ್ತಿದ್ದರೆಂದೂ, ಅವರ ವಾಸಕ್ಕೆ 27 ಮನೆಗಳಿದ್ದವೆಂದೂ 945ರ ಶಾಸನದಿಂದ ತಿಳಿದುಬರುತ್ತದೆ. ಮದುವೆ, ಉಪನಯನ, ಚೌಲಗಳು ನಡೆದಾಗ ಊರವರು ಶಾಲೆಗೆ ಇಂತಿಷ್ಟು ಸಲ್ಲಿಸಬೇಕೆಂಬ ಕಟ್ಟಳೆಯೂ ಇತ್ತು. ಆಧುನಿಕ ಕಾಲದಲ್ಲಿ ಕೊಲ್ಹಾಪುರದ ಶಾಹೂ ಮಹಾರಾಜರು 1901ರಿಂದ ಮೊದಲುಮಾಡಿ ಮರಾಠ, ಜೈನ, ಮುಸ್ಲಿಂ, ಲಿಂಗಾಯತ, ಅಸ್ಪೃಶ್ಯರೆನಿಸಿದವರು, ಹೀಗೆ ಒಂದೊಂದು ಸಮಾಜಕ್ಕೂ ವಿದ್ಯಾರ್ಥಿನಿಲಯ ತೆರೆಯಲು ನೆರವಾದರು. ಕನ್ನಡ ಗಡಿಯ ಮಕ್ಕಳಿಗೂ ಆ ಪಟ್ಟಣ ವಿದ್ಯಾಕೇಂದ್ರವಾಗಿತ್ತು. ಒಂದೇ ಪಂಕ್ತಿಯಲ್ಲಿ ಎಲ್ಲರೂ ಉಣ್ಣಲಾಗದ ಕಾಲದಲ್ಲಿ ಜಾತಿಗೊಂದು ನಿಲಯವಿಲ್ಲದಿದ್ದರೆ ಸಾವಿರಾರು ಹುಡುಗರು ಓದುತ್ತಲೇ ಇರಲಿಲ್ಲ. ಆದರೆ ಜಾತಿಯ ಗೋಡೆಯನ್ನು ದಾಟಲೆಂದು ಕಟ್ಟಿದ ಮನೆಗೇ ಜಾತಿಯ ಹೆಸರು ಶಾಶ್ವತವಾಗಿ ಅಂಟಿಕೊಂಡಿತು ಎಂಬುದೂ ನಿಜ.

ಪ್ರವೇಶದ ಪ್ರಶ್ನೆ ಎಷ್ಟು ಗಂಭೀರವಾದುದೆಂಬುದನ್ನು ವಡೋದರದ ಇತಿಹಾಸವೇ ತೋರಿಸಿಕೊಡುತ್ತದೆ. ಸಯಾಜಿರಾವ್ ಮಹಾರಾಜರ ವಿದ್ಯಾರ್ಥಿವೇತನದಿಂದ ಭೀಮರಾವ್ ಅಂಬೇಡ್ಕರರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರು ಕೆಲಕಾಲ ನಾನಾ ದೇಶದ ವಿದ್ಯಾರ್ಥಿಗಳು ಒಟ್ಟಿಗೆ ಬಾಳುತ್ತಿದ್ದ ‘ಕಾಸ್ಮೊಪಾಲಿಟನ್ ಕ್ಲಬ್ಬಿ’ನಲ್ಲಿದ್ದು, ಬಳಿಕ ಲಿವಿಂಗ್‌ಸ್ಟನ್ ವಸತಿಗೃಹದಲ್ಲಿ ನೆಲೆಸಿದರು. ಅಲ್ಲಿ ಅವರ ಜೊತೆಗಿದ್ದ ಪಾರಸಿ ವಿದ್ಯಾರ್ಥಿ ನವಲ್ ಭಥೇನ ಬಾಳಿನುದ್ದಕ್ಕೂ ಮಿತ್ರರಾಗಿ ಉಳಿದರು. ಅದೇ ಅಂಬೇಡ್ಕರರು 1917ರಲ್ಲಿ ಸಂಸ್ಥಾನದ ನೌಕರಿಗೆಂದು ವಡೋದರಕ್ಕೆ ಬಂದಾಗ ತಂಗಲು ಒಂದು ಕೋಣೆ ಸಿಗಲಿಲ್ಲ. ಪಾರಸಿ ಛತ್ರವೊಂದರಲ್ಲಿ ಪಾರಸಿ ಹೆಸರಿನಿಂದ ಇಳಿದುಕೊಂಡರು. ಹನ್ನೊಂದನೆಯ ದಿನ ಕೋಲು ಹಿಡಿದು ಬಂದ ಗುಂಪು ಅವರನ್ನು ಹೊರಡಿಸಿತು. ಇಬ್ಬರು ಸ್ನೇಹಿತರೂ ಆಶ್ರಯ ಕೊಡಲಾರದೆ ಹೋದರು. ಕಮಾಟಿ ಬಾಗ್ ಉದ್ಯಾನದಲ್ಲಿ ಹೊತ್ತು ಕಳೆದು ಅವರು ಮುಂಬಯಿಯ ರೈಲು ಹತ್ತಿದರು. ಅವರ ವಿದ್ಯೆ ಎರಡೂ ಊರುಗಳಲ್ಲಿ ಒಂದೇ. ಬಾಗಿಲು ಮಾತ್ರ ಬೇರೆ. ಅವರು 1924ರಲ್ಲಿ ಸ್ಥಾಪಿಸಿದ ಬಹಿಷ್ಕೃತ ಹಿತಕಾರಿಣಿ ಸಭೆಯ ಮೊದಲ ಕಾರ್ಯಗಳಲ್ಲೊಂದು ಸೊಲ್ಲಾಪುರದಲ್ಲಿ 1925ರಲ್ಲಿ ವಿದ್ಯಾರ್ಥಿನಿಲಯ ತೆರೆದುದು ಎಂಬುದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣವಾಗಿದೆ.

ಇದೇ ವಡೋದರದಲ್ಲಿ ಬೇರೊಂದು ಬಗೆಯ ಪ್ರಯೋಗವೂ ನಡೆದಿತ್ತು. ಕೇಶವರಾವ್ ದೇಶಪಾಂಡೆಯವರು ನಡೆಸಿದ ಗಂಗನಾಥ ವಿದ್ಯಾಲಯದಲ್ಲಿ ಗುರುಶಿಷ್ಯರು ಒಂದೇ ಕುಟುಂಬದಂತೆ ಬಾಳಬೇಕೆಂದು ನಿಶ್ಚಯಿಸಿ, ಅಧ್ಯಾಪಕರನ್ನು ಮನೆಯ ನಂಟಿನ ಹೆಸರುಗಳಿಂದ ಕರೆಯುವ ಪದ್ಧತಿ ಇಟ್ಟರು. ದತ್ತಾತ್ರೇಯ ಬಾಲಕೃಷ್ಣ ಕಾಲೇಲ್ಕರರು ‘ಕಾಕಾ’ ಆದುದೂ, ವಿಠ್ಠಲ ಫಡಕೆಯವರು ‘ಮಾಮಾ’ ಆದುದೂ ಇಲ್ಲಿಯೇ. ಬಾಲ್ಯವನ್ನು ಕಾರವಾರ, ಬೆಳಗಾವಿಗಳಲ್ಲಿ ಕಳೆದ ಕಾಕಾ ಕಾಲೇಲ್ಕರರು ಕನ್ನಡಿಗರಿಗೆ ಅಪರಿಚಿತರಲ್ಲ. ರಾಷ್ಟ್ರೀಯ ಭಾವನೆಯ ಕಾರಣದಿಂದ ಸರ್ಕಾರದ ಕಣ್ಣಿಗೆ ಬಿದ್ದು ಆ ವಿದ್ಯಾಲಯವು ಮುಚ್ಚಿಹೋದರೂ ಆ ಹೆಸರುಗಳು ಉಳಿದವು. ಮುಂದೆ 1920ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಯವರು ಸ್ಥಾಪಿಸಿದ ಗುಜರಾತ್ ವಿದ್ಯಾಪೀಠದಲ್ಲಿ ಕಾಲೇಲ್ಕರರು ಕುಲನಾಯಕರೂ ಆದರು.

ಕನ್ನಡನಾಡಿನ ಕಾಲೇಜುಗಳಲ್ಲಿ ಸೋದರಭಾವವು ಭಾಷೆಯ ಮೂಲಕ ರೂಪ ತಾಳಿತು. ಪಾಠಪ್ರವಚನವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿ ಬೆಳೆಸಿದ ಕರ್ನಾಟಕ ಸಂಘವು ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಒಂದೆಡೆ ಸೇರಿಸಿತು. ‘ಪ್ರಬುದ್ಧ ಕರ್ನಾಟಕ’ ತ್ರೈಮಾಸಿಕವು ಹೊರಬಂದುದು ಈ ಸಂಘದಿಂದಲೇ. ಅದು ಮುಂದೆ ಮೈಸೂರು ವಿಶ್ವವಿದ್ಯಾಲಯದ ಪತ್ರಿಕೆಯಾಯಿತು. ಇಲ್ಲಿ ಗುಪ್ತ ಸಂಕೇತವಿರಲಿಲ್ಲ, ದೀಕ್ಷಾವಿಧಿಯಿರಲಿಲ್ಲ. ಕನ್ನಡದ ಆಸಕ್ತಿಯೇ ಪ್ರವೇಶಪತ್ರ, ಬರೆದು ತೋರಿಸುವುದೇ ಪರೀಕ್ಷೆ. ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ‘ಗೆಳೆಯರ ಗುಂಪು’ ಕಾಲೇಜಿನ ಸಂಸ್ಥೆಯಲ್ಲವಾದರೂ ಅದೇ ಜಾಡಿನ ಬಳಗ.

ಸಂಘದ ಆಡಳಿತವೆಂದರೆ ಕೊನೆಗೆ ಅಡಿಗೆಮನೆಯ ಲೆಕ್ಕ. ತಿಂಗಳ ಖರ್ಚನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳುವ ಮೆಸ್ಸು, ಅದಕ್ಕೆ ಚುನಾಯಿತನಾದ ವಿದ್ಯಾರ್ಥಿ ಕಾರ್ಯದರ್ಶಿ, ಇದು ಕನ್ನಡನಾಡಿನ ಅನೇಕ ವಿದ್ಯಾರ್ಥಿನಿಲಯಗಳ ಪರಿಚಿತ ಪದ್ಧತಿ. ಈ ಲೆಕ್ಕದಲ್ಲಿ ವಿದ್ಯಾರ್ಥಿಯ ಮಾತಿಗೆ ಎಡೆಯಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ಗುಜರಾತಿನಲ್ಲಿಯೇ ನಿದರ್ಶನವುಂಟು. ಅಹಮದಾಬಾದಿನ ಎಲ್. ಡಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿ ಊಟದ ದರವನ್ನು ನೂರಕ್ಕೆ 20ರಷ್ಟು ಏರಿಸಿದುದಕ್ಕೆ 1973ರ ಡಿಸೆಂಬರಿನಲ್ಲಿ ಹುಡುಗರು ಪ್ರತಿಭಟಿಸಿದರು. ಬೆಲೆಯೇರಿಕೆಯಿಂದ ಬೇಸತ್ತಿದ್ದ ನಾಡು ಅವರೊಡನೆ ನಿಂತಿತು. ನವನಿರ್ಮಾಣವೆಂದು ಹೆಸರಾದ ಆ ಚಳವಳಿಯಿಂದ 1974ರ ಫೆಬ್ರವರಿ 9ರಂದು ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲರು ರಾಜೀನಾಮೆ ಕೊಡಬೇಕಾಯಿತು.

ಹೊಸಬನನ್ನು ಪೀಡಿಸುವ ಚಾಳಿಗೆ ಭಾರತವೂ ಹೊರತಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯಿದೆಯಲ್ಲಿ ರ‍್ಯಾಗಿಂಗ್ ಶಿಕ್ಷಾರ್ಹ ಅಪರಾಧವಾಗಿದೆ. ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಈ ಬಗ್ಗೆ ನಿರ್ದೇಶನಗಳನ್ನು ಕೊಟ್ಟಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2009ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನಿಯಮಗಳನ್ನು ಹೊರಡಿಸಿತು. ಪೀಡೆಯನ್ನು ‘ಪರಿಚಯ’ವೆಂದೂ ‘ಸಂಪ್ರದಾಯ’ವೆಂದೂ ಕರೆಯುವವರು ಎರಡು ದೇಶಗಳಲ್ಲಿಯೂ ಇದ್ದಾರೆ. ನೊಂದವನು ಮರುವರ್ಷ ತಾನೇ ನೋಯಿಸುವವನಾಗುವುದರಿಂದ ಈ ಸಂಪ್ರದಾಯ ತನ್ನಷ್ಟಕ್ಕೆ ನಿಲ್ಲುವುದಿಲ್ಲ. ಆಡಳಿತವೇ ಅದನ್ನು ನಿಲ್ಲಿಸಬೇಕು.

ಆದುದರಿಂದ ಯಾವ ಬಳಗಕ್ಕಾದರೂ ಮಗನನ್ನಾಗಲಿ ಮಗಳನ್ನಾಗಲಿ ಸೇರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಸರಳವಾಗಿವೆ. ಪ್ರವೇಶಕ್ಕೆ ಆಧಾರ ಜಾತಿಕುಲವೋ ಯೋಗ್ಯತೆಯೋ? ಹಣದ ಲೆಕ್ಕವನ್ನು ಸದಸ್ಯರೆಲ್ಲರೂ ನೋಡಬಹುದೇ? ಅಧಿಕಾರಿಗಳನ್ನು ಚುನಾಯಿಸುವವರು ಯಾರು, ತಪ್ಪಿದರೆ ತೆಗೆಯುವವರು ಯಾರು? ಬಾಗಿಲು ಮುಚ್ಚಿ ನಡೆಸುವುದನ್ನು ತಾಯಿಯ ಮುಂದೆ ಹೇಳಲು ಆದೀತೇ? ಹೊರನಾಡಿನ ಕನ್ನಡ ಸಂಘಗಳೂ ತಮ್ಮನ್ನು ಈ ಪ್ರಶ್ನೆಗಳಿಗೆ ಒಡ್ಡಿಕೊಳ್ಳಬಹುದು. ಏಕೆಂದರೆ ಪರಸ್ಥಳದಲ್ಲಿ ಒಂಟಿಯಾದವನಿಗೆ ನೆಲೆ ಕೊಡುವುದೇ ಅವುಗಳ ಹುಟ್ಟಿನ ಕಾರಣ. ಹೊಸದಾಗಿ ಊರಿಗೆ ಬಂದ ಒಬ್ಬ ವಿದ್ಯಾರ್ಥಿಗೆ, ಅವನು ಯಾರ ಮಗನೆಂದು ಕೇಳದೆ, ಒಂದು ಕೋಣೆ ದೊರಕಿಸಿಕೊಟ್ಟ ಸಂಘವು ತನ್ನ ನಿಯಮಾವಳಿಯ ಮೊದಲ ಕರ್ತವ್ಯವನ್ನು ನೆರವೇರಿಸಿದಂತೆಯೇ ಸರಿ.