ನಡೆದಾಡುವ ಮಾಳಿಗೆಗೆ ತಕ್ಕ ಲೇಪ

ಬಳ್ಳಾರಿ ಸೀಮೆಯಲ್ಲಿ ಮಾಳಿಗೆಯೆಂಬುದು ಮನೆಯ ಮುಚ್ಚಳ ಮಾತ್ರವಲ್ಲ, ಮನೆಯ ಇನ್ನೊಂದು ಅಂಗಳವೂ ಹೌದು. ಕುರುಗೋಡು ತಾಲೂಕಿನ ಬಾದನಹಟ್ಟಿಯಂತಹ ಗ್ರಾಮಗಳಲ್ಲಿ ಮೆಣಸಿನಕಾಯಿ ಹರವುವುದು, ಸಂಡಿಗೆ ಶ್ಯಾವಿಗೆ ಒಣಗಿಸುವುದು, ಬೇಸಿಗೆಯ ರಾತ್ರಿ ಮಕ್ಕಳುಮರಿಯೊಡನೆ ಮಲಗುವುದು ಎಲ್ಲವೂ ಅಲ್ಲಿಯೇ. ತೇರು ಸಾಗುವ ದಿನ ಬೀದಿಯ ಇಕ್ಕೆಲದ ಮನೆಗಳಲ್ಲಿ ಬಂಧುಬಳಗವೆಲ್ಲ ಏರಿ ನಿಲ್ಲುವುದೂ ಅಲ್ಲಿಗೇ. ಆದ್ದರಿಂದ ಕಾಂಕ್ರೀಟ್ ಮಾಳಿಗೆಗೆ ನೀರುನಿರೋಧಕ ಲೇಪವನ್ನು ಆರಿಸುವಾಗ ಡಬ್ಬಿಯ ಮೇಲಿನ ಹೆಸರಿಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಇದರ ಮೇಲೆ ಯಾರು ಓಡಾಡುತ್ತಾರೆ, ಏನನ್ನು ಎಳೆದಾಡುತ್ತಾರೆ?

ಹಿರಿಯರ ವಿವೇಕ

ನಮ್ಮ ಹಿರಿಯರು ತೊಲೆ ಜಂತೆಗಳ ಮೇಲೆ ಮಣ್ಣಿನ ಮಾಳಿಗೆ ಕಟ್ಟಿ, ಮಳೆಗಾಲಕ್ಕೆ ಮುನ್ನ ಚೌಳುಮಣ್ಣು ಹರಡಿ ಗಟ್ಟಿಗೊಳಿಸುತ್ತಿದ್ದರು. ಚೌಳುಮಣ್ಣಿನಲ್ಲಿರುವ ಸೋಡಿಯಂ ಅಂಶದಿಂದ ಜೇಡಿಯ ಕಣಗಳು ನೀರು ತಾಗಿದೊಡನೆ ಬಿಡಿಬಿಡಿಯಾಗಿ ಹರಡಿ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತವೆ, ನೀರು ಕೆಳಗಿಳಿಯದು. ಹೊಲದಲ್ಲಿ ಬೆಳೆಗೆ ಬಾರದ ಮಣ್ಣು ಮಾಳಿಗೆಗೆ ಕವಚವಾಯಿತು. ಆ ಪದ್ಧತಿಯಲ್ಲಿ ಎರಡು ವಿವೇಕಗಳಿದ್ದವು: ಕೆಲಸಕ್ಕೆ ಒಪ್ಪುವ ಪದಾರ್ಥದ ಆಯ್ಕೆ ಮತ್ತು ವರ್ಷ ವರ್ಷದ ಆರೈಕೆ. ಕಾಂಕ್ರೀಟ್ ಬಂದ ಮೇಲೆ ಇವೆರಡನ್ನೂ ನಾವು ಮರೆಯುತ್ತಿದ್ದೇವೆ.

ನಮ್ಮಲ್ಲಿ ಮಳೆ ಕಡಿಮೆಯೆಂಬ ಸಮಾಧಾನವೂ ಸರಿಯಲ್ಲ. ಹಗಲಿನ ಉರಿಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗುವ ಕಾಂಕ್ರೀಟಿನಲ್ಲಿ ಕೂದಲೆಳೆಯಷ್ಟು ಬಿರುಕುಗಳು ಮೂಡುತ್ತವೆ. ಬಿಸಿಲು ತೆರೆದ ಬಾಗಿಲಿನಿಂದ ಮಳೆ ಒಳಹೊಗುತ್ತದೆ. ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದರೆ ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಸ್ಥಳವನ್ನು ಬೇಡುತ್ತದೆ. ಕಾಂಕ್ರೀಟ್ ಸಿಡಿದು, ಮಲಗಿದವರ ಮೇಲೆ ಚಕ್ಕೆ ಉದುರುತ್ತದೆ. ಜೀವಮಾನದ ಗಳಿಕೆಯಿಂದ ಕಟ್ಟಿದ ಮನೆ ಹೀಗೆ ಒಳಗಿಂದೊಳಗೆ ಸವೆಯುತ್ತದೆ.

ಯಾವ ನೆಲಕ್ಕೆ ಯಾವ ಲೇಪ?

ಬಿಳಿಯ ಅಕ್ರಿಲಿಕ್ ಲೇಪ ಬಿಸಿಲನ್ನು ಹಿಂದಕ್ಕೆ ಹೊಡೆಯುತ್ತದೆ, ಸಣ್ಣ ಬಿರುಕಿನೊಡನೆ ಹಿಗ್ಗುತ್ತದೆ, ಬೆಲೆಯೂ ಹಗುರ. ಆಗಾಗ ಮಾತ್ರ ಹತ್ತಿ ಇಳಿಯುವ ಮಾಳಿಗೆಗೆ ಇದು ಯೋಗ್ಯ. ಆದರೆ ನೀರು ನಿಲ್ಲುವ ಕಡೆ ಇದು ಮೆತ್ತಗಾಗಿ ಏಳಬಹುದು. ಮಂಚದ ಕಾಲು, ಕಬ್ಬಿಣದ ಸಲಿಕೆಗಳ ಎಳೆದಾಟವನ್ನು ತಾಳದು.

ಸಿಮೆಂಟಿನೊಡನೆ ಪಾಲಿಮರ್ ದ್ರವ ಬೆರೆಸಿದ ಲೇಪ ಬಚ್ಚಲುಮನೆಗೂ ನೀರಿನ ತೊಟ್ಟಿಗೂ ಒಳ್ಳೆಯದು. ನಿತ್ಯ ಓಡಾಟದ ಮಾಳಿಗೆಯಲ್ಲಿ ಇದರ ಮೇಲೆ ಗಾರೆಯನ್ನೋ ಹೆಂಚುಬಿಲ್ಲೆಯನ್ನೋ ಹಾಸುವುದು ಕ್ಷೇಮ. ಡಾಂಬರಿನ ಹಾಳೆ ನೀರನ್ನು ಚೆನ್ನಾಗಿ ತಡೆದರೂ ನಮ್ಮ ಬಿಸಿಲಿಗೆ ಮೆದುವಾಗುತ್ತದೆ; ಅದರ ಮೇಲೆ ನೇರವಾಗಿ ನಡೆಯುವಂತಿಲ್ಲ. ಎಪಾಕ್ಸಿ ಬಲು ಗಟ್ಟಿ, ಆದರೆ ಬಿಸಿಲಿಗೆ ಸುಣ್ಣದ ಪುಡಿಯಂತೆ ಉದುರುತ್ತದೆ, ಬಿರುಕಿನೊಡನೆ ಹಿಗ್ಗದು. ಅದರ ಸ್ಥಾನ ನೆರಳಿನ ಒಳನೆಲ.

ದಿನವೂ ಜನ ತುಳಿಯುವ, ದ್ವಿಚಕ್ರ ವಾಹನ ಕಾರುಗಳು ಸಾಗುವ ನೆಲಕ್ಕೆ ಪಾಲಿಯುರೆಥೇನ್ ಪದರಗಳ ವ್ಯವಸ್ಥೆ ಹೆಚ್ಚು ತಕ್ಕದ್ದು. ಮೊದಲು ಹಿಡಿತ ಕೊಡುವ ಪ್ರೈಮರ್, ಮೇಲೆ ಹಿಗ್ಗುವ ಪದರ, ಅದರ ಮೇಲೆ ಸ್ಫಟಿಕ ಮರಳು ಎರಚಿ ಸವೆತ ತಾಳುವ ಹೊರಪದರ. ಮರಳು ಚಕ್ರಕ್ಕೂ ಒದ್ದೆ ಪಾದಕ್ಕೂ ಹಿಡಿತ ನೀಡುತ್ತದೆ. ಹೊರಪದರ ಬಿಸಿಲು ತಾಳುವ ಜಾತಿಯದಾಗಿರಬೇಕು. ವಾಹನ ತಿರುಗುವ ಮತ್ತು ಬ್ರೇಕ್ ಹಾಕುವ ಜಾಗದಲ್ಲಿ ಚಕ್ರ ಲೇಪವನ್ನು ತಿರುಚಿ ಎಳೆಯುವುದರಿಂದ ಅಲ್ಲಿ ದಪ್ಪ ಹೆಚ್ಚಿರಲಿ. ಅಂಗಳದ ನೀರಿನ ಸಂಪಿನ ಮೇಲೆ ಟ್ರ್ಯಾಕ್ಟರ್ ಹಾಯುವ ಮನೆಗಳಲ್ಲಿ, ಆ ಚಪ್ಪಡಿಗೆ ಭಾರ ಹೊರುವ ಶಕ್ತಿಯಿದೆಯೇ ಎಂದು ಎಂಜಿನಿಯರರಿಂದ ತಿಳಿದುಕೊಂಡ ಮೇಲೆಯೇ ಲೇಪದ ಮಾತು. ಸಂಪಿನ ಒಳಭಾಗಕ್ಕೆ ಕುಡಿಯುವ ನೀರಿಗೆ ಯೋಗ್ಯವೆಂದು ಪ್ರಮಾಣೀಕರಿಸಿದ ಲೇಪವನ್ನೇ ಬಳಸಬೇಕು.

ಬಳಿಯುವ ಮುನ್ನ

ಎಷ್ಟು ಬೆಲೆಯ ಲೇಪವಾದರೂ ನೆಲ ಸಿದ್ಧವಿಲ್ಲದಿದ್ದರೆ ವ್ಯರ್ಥ. ನೀರು ಹರಿಯಲು 100 ಅಡಿಗೆ ಕನಿಷ್ಠ 1 ಅಡಿಯ ಇಳಿಜಾರಿರಬೇಕು. ಬಿರುಕು ತುಂಬಿ, ಗೋಡೆ ಸೇರುವ ಮೂಲೆಯನ್ನು ಗಾರೆಯಿಂದ ಓರೆಯಾಗಿ ಮುಚ್ಚಿ, ಲೇಪವನ್ನು ಗೋಡೆಯ ಮೇಲೂ ಸುಮಾರು 1 ಅಡಿ ಏರಿಸಬೇಕು. ಹೊಸ ಕಾಂಕ್ರೀಟಿಗೆ 28 ದಿನವಾದರೂ ಕಾಯಬೇಕು. ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯ ಅಂಚನ್ನು ನೆಲಕ್ಕೆ ಬಿಗಿಯಾಗಿ ಅಂಟಿಸಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಅಡಿಯಲ್ಲಿ ಹನಿ ಕಂಡರೆ ನೆಲ ಇನ್ನೂ ಒಣಗಿಲ್ಲ.

ಮಳೆಗೆ ಮುಂಚಿನ ಒಣದಿನಗಳು ಕೆಲಸಕ್ಕೆ ಅನುಕೂಲ, ಆದರೆ ಏರುಬಿಸಿಲಿನಲ್ಲಿ ಬಳಿಯಬಾರದು. ಕಾದ ಕಾಂಕ್ರೀಟಿನ ರಂಧ್ರಗಳ ಗಾಳಿ ಉಬ್ಬಿ ಲೇಪದಲ್ಲಿ ಗುಳ್ಳೆಯೆಬ್ಬಿಸುತ್ತದೆ. ಬಿಸಿಲಿಳಿದು ನೆಲ ತಣಿಯತೊಡಗಿದಾಗ ಬಳಿಯುವುದೇ ಸರಿ.

ಇನ್ನು ಲೆಕ್ಕ. 1 ಲೀಟರ್ ಲೇಪ 1 ಚದರ ಮೀಟರಿಗೆ ಹರಡಿದರೆ ಹಸಿಯಾಗಿ 1 ಮಿಲಿಮೀಟರ್ ದಪ್ಪ. ನೀರು ಬೆರೆತ ಲೇಪ ಒಣಗಿದಾಗ ಸುಮಾರು ಅರ್ಧಕ್ಕಿಳಿಯುತ್ತದೆ. 10 ಅಡಿಗೆ 10 ಅಡಿಯ ಜಾಗ 9 ಚದರ ಮೀಟರಿಗಿಂತ ತುಸು ಹೆಚ್ಚು. ಅಷ್ಟಕ್ಕೆ ಖರ್ಚಾದ ಲೀಟರುಗಳನ್ನು ಗೃಹಿಣಿಯರೇ ಎಣಿಸಿದರೆ ಕೆಲಸದ ಪ್ರಾಮಾಣಿಕತೆ ತಿಳಿಯುತ್ತದೆ.

ಲೇಪ ಬಲ ಕೊಡದು

ಕೊನೆಯದಾಗಿ ಅತಿ ಮುಖ್ಯವಾದ ಮಾತು. ಲೇಪ ನೀರನ್ನು ತಡೆಯುತ್ತದೆಯೇ ಹೊರತು ಭಾರವನ್ನು ಹೊರುವುದಿಲ್ಲ. ಜನ ಹತ್ತಿ ಇಳಿಯುವ ಛಾವಣಿಗೆ ಭಾರತೀಯ ಮಾನಕ 875 ಹೇಳುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. 1 ಅಡಿ ಎತ್ತರ ಭತ್ತ ಸುರಿದರೆ ಅದೇ ಈ ಮಿತಿಯನ್ನು ಮೀರುತ್ತದೆ. ತೇರಿನ ದಿನ ಚದರ ಮೀಟರಿಗೆ ಐದು ಜನ ಒತ್ತೊತ್ತಾಗಿ ನಿಂತರೆ ಭಾರ ಇಮ್ಮಡಿಯಾದೀತು. ಸೋರಿಕೆಗೆಂದು ಹಳೆಯ ಗಾರೆಯ ಮೇಲೆ ಮತ್ತೆ ಮತ್ತೆ ಇಟ್ಟಿಗೆ ಗಾರೆ ಹೇರುವುದೂ ಅಪಾಯಕರ. ಸರಳು ಕಾಣುವ, ಚಕ್ಕೆ ಉದುರುವ ಮಾಳಿಗೆಗೆ ಮೊದಲು ದುರಸ್ತಿ, ಆಮೇಲೆ ಲೇಪ. ಅಲ್ಲಿಯವರೆಗೆ ಅತಿಥಿಗಳನ್ನು ಅದರ ಮೇಲೆ ಹತ್ತಿಸಬಾರದು.

ಭಕ್ತರ ಕಾಣಿಕೆಯಿಂದ ಎದ್ದ ಸಮುದಾಯ ಭವನಗಳಿಗೆ, ದಾಸೋಹ ಮಂದಿರಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಕಟ್ಟಡ ಕಟ್ಟಿದವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ವರ್ಷಕ್ಕೊಮ್ಮೆ ಮಾಳಿಗೆ ಗುಡಿಸಿ, ನೀರಿನ ಕೊಳವೆಯ ಬಾಯಿ ಬಿಡಿಸಿ, ಕಿತ್ತ ಲೇಪಕ್ಕೆ ತೇಪೆ ಹಾಕುವವರ ಹೆಸರು ಎಲ್ಲಿಯೂ ಬರೆಯಲ್ಪಡುವುದಿಲ್ಲ. ಆದರೂ ಅದರ ಅಡಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವವರನ್ನು ಕಾಯುವುದು ಅವರ ಕಾಯಕವೇ. ಧಾನ್ಯ ಹರವುವಾಗ ತಾಡಪಾಲು ಹಾಸುವುದು, ಸಲಿಕೆಯ ಬದಲು ಮರದ ಹಲಗೆಯಿಂದ ಬಳಿಯುವುದು ಮಕ್ಕಳೂ ಕಲಿಯಬಲ್ಲ ಕೆಲಸ. ಈ ವರ್ಷ ಮೊದಲ ಮಳೆ ಬೀಳುವುದಕ್ಕೆ ಮುನ್ನ ಪ್ರತಿ ಮನೆಯಲ್ಲಿಯೂ ಒಬ್ಬರಾದರೂ ಮಾಳಿಗೆ ಹತ್ತಿ ನೋಡಲಿ.