ಕಣಗಿಲೆ, ಹೊಳೆಮತ್ತಿ ಮತ್ತು ಸೋತ ಹೃದಯ

ಪಿರಿಯಾಪಟ್ಟಣ, ಹುಣಸೂರು ಕಡೆಯ ಬೇಲಿಗಳಲ್ಲಿ ಹಳದಿ ಕಣಗಿಲೆ ಸಾಮಾನ್ಯ. ದನ, ಮೇಕೆ ಅದಕ್ಕೆ ಬಾಯಿ ಹಾಕುವುದಿಲ್ಲ. ಅದರ ಹಾಲಿನಲ್ಲೂ ಬೀಜದಲ್ಲೂ ಇರುವ ವಿಷ ನೇರ ಹೃದಯಕ್ಕೇ ನಾಟುತ್ತದೆ. ಇತ್ತ ಕೆ.ಆರ್. ನಗರದ ಕಾವೇರಿ ದಂಡೆ, ಎಚ್.ಡಿ. ಕೋಟೆಯ ಕಬಿನಿ ಸೀಮೆಯ ಹೊಳೆಮತ್ತಿಯ ಚಕ್ಕೆಯನ್ನು ಹಾಲಿನಲ್ಲಿ ಕುದಿಸಿ ಹೃದ್ರೋಗಕ್ಕೆ ಕೊಡುವುದು ಆಯುರ್ವೇದದ ಹಳೆಯ ಪದ್ಧತಿ. ಒಂದು ವಿಷ, ಇನ್ನೊಂದು ಮದ್ದು ಎಂದು ನಾವು ವಿಂಗಡಿಸಿಬಿಟ್ಟಿದ್ದೇವೆ. ಆದರೆ ಹೃದಯ ವೈಫಲ್ಯಕ್ಕೆ ಆಧುನಿಕ ವೈದ್ಯರು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ನೆಚ್ಚಿಕೊಂಡಿದ್ದ ಔಷಧಿಗೆ ಹತ್ತಿರದ ನೆಂಟ ಈ ವಿಷದ ಕಣಗಿಲೆಯೇ ಹೊರತು ಹೊಳೆಮತ್ತಿಯಲ್ಲ. ಗಿಡದ್ದೋ ಕಾರ್ಖಾನೆಯದ್ದೋ ಎಂದು ಕೇಳಿದರೆ ಔಷಧಿಯ ಗುಣ ತಿಳಿಯುವುದಿಲ್ಲ. ಎಷ್ಟು ಕೊಟ್ಟರು, ಯಾರೊಂದಿಗೆ ಹೋಲಿಸಿದರು, ಕೊನೆಗೆ ಏನಾಯಿತು ಎಂದು ಕೇಳಿದರೆ ತಿಳಿಯುತ್ತದೆ.

ಹೃದಯ ವೈಫಲ್ಯ ಎಂದರೆ ಹೃದಯ ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಅದು ದೂಡಲಾರದ ಸ್ಥಿತಿ. ಕಾಲು ಬಾತುಕೊಳ್ಳುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಮಲಗಿದರೆ ಉಸಿರು ಕಟ್ಟುತ್ತದೆ. 1775ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಗಮನಕ್ಕೆ ಇಂಥ ಬಾವಿಗೆ ಮುದುಕಿಯೊಬ್ಬಳು ಕೊಡುತ್ತಿದ್ದ ಕಷಾಯ ಬಂತು. ಇಪ್ಪತ್ತರಷ್ಟು ಸೊಪ್ಪುಗಳಿದ್ದ ಅದರಲ್ಲಿ ಕೆಲಸ ಮಾಡುತ್ತಿದ್ದುದು ಫಾಕ್ಸ್‌ಗ್ಲೋವ್ ಎಂಬ ಗಿಡದ ಎಲೆ ಮಾತ್ರ ಎಂದು ಅವನು ಗುರುತಿಸಿದ. ಹೂ ಬಿಡುವ ಹೊತ್ತಿಗೆ ಎಲೆ ಕಿತ್ತು, ಒಣಗಿಸಿ, ಪುಡಿ ಮಾಡಿ ತೂಗಿ ಕೊಟ್ಟ. ಮೂತ್ರ ಹೆಚ್ಚಿದರೆ, ಓಕರಿಕೆ ಬಂದರೆ, ನಾಡಿ ನಿಧಾನವಾದರೆ, ಭೇದಿಯಾದರೆ ಅಲ್ಲಿಗೆ ನಿಲ್ಲಿಸಬೇಕೆಂದು ಬರೆದಿಟ್ಟ. ವಾಸಿಯಾದವರದ್ದಷ್ಟೇ ಅಲ್ಲ, ಆಗದವರ ವಿವರವನ್ನೂ 1785ರ ತನ್ನ ಪುಸ್ತಕದಲ್ಲಿ ಸೇರಿಸಿದ. ಗಿಡದ ಗುಣ ಮುದುಕಿಗೂ ಗೊತ್ತಿತ್ತು. ಅಳತೆ ಮತ್ತು ಲೆಕ್ಕ ಅವನ ಕೊಡುಗೆ.

ಅಳತೆಗೆ ಇಷ್ಟು ಬೆಲೆ ಏಕೆ ಎಂಬುದಕ್ಕೆ ಉತ್ತರ ಜೀವಕೋಶದಲ್ಲಿದೆ. 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ, ಜೀವಕೋಶದಿಂದ ಸೋಡಿಯಂ ಅನ್ನು ಹೊರಗೆ ತಳ್ಳಿ ಪೊಟ್ಯಾಸಿಯಂ ಅನ್ನು ಒಳಗೆಳೆಯುವ ಕಿಣ್ವವನ್ನು ಕಂಡುಹಿಡಿದರು. 1997ರಲ್ಲಿ ಅದಕ್ಕೆ ನೊಬೆಲ್ ಬಂತು. ಫಾಕ್ಸ್‌ಗ್ಲೋವ್ ಜಾತಿಯಿಂದ 1930ರಲ್ಲಿ ಬೇರ್ಪಡಿಸಿದ ಡಿಗಾಕ್ಸಿನ್ ಈ ಪಂಪನ್ನು ತಡೆಯುತ್ತದೆ. ಆಗ ಕೋಶದೊಳಗೆ ಸೋಡಿಯಂ, ಅದರ ಹಿಂದೆಯೇ ಕ್ಯಾಲ್ಸಿಯಂ ಹೆಚ್ಚಿ ಸ್ನಾಯು ಬಲವಾಗಿ ಕುಗ್ಗುತ್ತದೆ. ತುಸು ಹೆಚ್ಚಾದರೆ ಅದೇ ಕ್ಯಾಲ್ಸಿಯಂ ಹೃದಯದ ಲಯ ಕೆಡಿಸುತ್ತದೆ. ಮಾತ್ರೆಯಲ್ಲಿರುವುದು ಸಾಮಾನ್ಯವಾಗಿ ಮಿಲಿಗ್ರಾಂನ ಕಾಲು ಭಾಗ. ಕಣಗಿಲೆಯ ವಿಷವೂ ಇದೇ ಪಂಪನ್ನು ಹಿಡಿಯುತ್ತದೆ. ಹಾಗಾಗಿಯೇ ಡಿಗಾಕ್ಸಿನ್‌ಗೆ ಮಾಡಿದ ಪ್ರತಿವಿಷ ಹಳದಿ ಕಣಗಿಲೆಗೂ ನಾಟುತ್ತದೆ. ಹಳದಿ ಕಣಗಿಲೆಯ ಪೆರುವೊಸೈಡ್ ಅನ್ನು ಕಳೆದ ಶತಮಾನದಲ್ಲಿ ಭಾರತ, ಜರ್ಮನಿಯ ವೈದ್ಯರು ಔಷಧಿಯಾಗಿಯೂ ಪರೀಕ್ಷಿಸಿದ್ದರು. ಇಡೀ ಗಿಡದಲ್ಲಿ ಒಂದಂಶ ಇನ್ನೊಂದನ್ನು ಸಮತೂಗಿಸುತ್ತದೆ, ಸಾರ ತೆಗೆದರೆ ತಾನೇ ಅಪಾಯ ಎಂಬ ವಾದವಿದೆ. ಇಲ್ಲಿ ನಡೆದದ್ದು ಅದಕ್ಕೆ ತಿರುಗುಮುರುಗು. ಮಣ್ಣು, ಋತು ಬದಲಾದಂತೆ ಎಲೆಯ ಕಸುವೂ ಬದಲಾಗುತ್ತಿದ್ದುದರಿಂದ ಕಪ್ಪೆ, ಬೆಕ್ಕು, ಪಾರಿವಾಳಗಳ ಮೇಲೆ ಪ್ರಯೋಗಿಸಿ ಎಲೆಪುಡಿಯ ಬಲ ಅಳೆಯಬೇಕಿತ್ತು. ಆ ಅನಿಶ್ಚಯ ತಪ್ಪಿದ್ದು ಶುದ್ಧ ಡಿಗಾಕ್ಸಿನ್ ಬಂದ ಮೇಲೆ.

ಇಷ್ಟಾದರೂ ಡಿಗಾಕ್ಸಿನ್ ಆಯಸ್ಸು ಹೆಚ್ಚಿಸುತ್ತದೆಯೇ ಎಂಬ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದು 1997ರಲ್ಲಿ. 6,800 ರೋಗಿಗಳಲ್ಲಿ ಅರ್ಧ ಜನಕ್ಕೆ ಅದನ್ನು, ಉಳಿದವರಿಗೆ ಹುಸಿಮಾತ್ರೆಯನ್ನು ಕೊಟ್ಟು ಮೂರು ವರ್ಷ ನೋಡಿದರು. ಆಸ್ಪತ್ರೆ ಸೇರುವುದು ತಗ್ಗಿತು. ಸಾವು ಎರಡೂ ಕಡೆ ಸುಮಾರು ಶೇ. 35. ಹೃದಯದ ಬಡಿತಕ್ಕೆ ಇನ್ನೂ ಬಲ ತುಂಬುವ ಮಿಲ್ರಿನೋನ್ ಮಾತ್ರೆಯಂತೂ 1991ರ ಪರೀಕ್ಷೆಯಲ್ಲಿ ಸಾವನ್ನು ಶೇ. 28ರಷ್ಟು ಹೆಚ್ಚಿಸಿತ್ತು. ಬಳಲಿದ ಎತ್ತಿಗೆ ಬಾರುಕೋಲು ಬೀಸಿದರೆ ಗಾಡಿ ನಾಲ್ಕು ಮಾರು ಮುಂದೆ ಹೋದೀತು, ಎತ್ತು ಉಳಿಯಬೇಕಾದರೆ ಹೇರು ಇಳಿಸಬೇಕು. ಇಂದು ಮೊದಲು ಕೊಡುವ ನಾಲ್ಕು ಬಗೆಯ ಔಷಧಿಗಳೂ ಹೇರು ಇಳಿಸುವಂಥವೇ. ಬಡಿತ ತಗ್ಗಿಸುವ ಬೀಟಾ ಬ್ಲಾಕರ್‌ಗಳನ್ನು ಸೋತ ಹೃದಯಕ್ಕೆ ಕೊಡಲೇಬಾರದು ಎನ್ನುತ್ತಿದ್ದ ಕಾಲವಿತ್ತು. 1999ರ ಎರಡು ದೊಡ್ಡ ಪರೀಕ್ಷೆಗಳಲ್ಲಿ ಅವೇ ಸಾವನ್ನು ಮೂರನೇ ಒಂದರಷ್ಟು ತಗ್ಗಿಸಿದವು. ನಾಲ್ಕರಲ್ಲಿ ಹೊಸದಾದ ಡಾಪಾಗ್ಲಿಫ್ಲೋಜಿನ್‌ಗೂ ಗಿಡದ ಮೂಲವಿದೆ. 1835ರಲ್ಲಿ ಸೇಬಿನ ಮರದ ತೊಗಟೆಯಲ್ಲಿ ಸಿಕ್ಕ ಫ್ಲೋರಿಜಿನ್ ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುತ್ತಿತ್ತು, ಆದರೆ ಕರುಳಿನಲ್ಲೇ ಒಡೆದುಹೋಗುತ್ತಿತ್ತು. ರಸಾಯನಶಾಸ್ತ್ರಜ್ಞರು ಅದನ್ನು ತಿದ್ದಿ ಗಟ್ಟಿ ಮಾಡಿದರು. ಸಕ್ಕರೆ ಕಾಯಿಲೆಗೆಂದು ಬಂದ ಈ ಮಾತ್ರೆ 2019ರಲ್ಲಿ 4,744 ಹೃದ್ರೋಗಿಗಳ ಪರೀಕ್ಷೆಯಲ್ಲಿ ರೋಗ ಉಲ್ಬಣಿಸುವುದನ್ನೂ ಹೃದ್ರೋಗದ ಸಾವನ್ನೂ ಒಟ್ಟಾಗಿ ಶೇ. 26ರಷ್ಟು ತಗ್ಗಿಸಿತು. 2020ರಲ್ಲಿ ಮೊದಲ ಪೇಟೆಂಟ್ ಮುಗಿದು ನಮ್ಮಲ್ಲಿ ಅದರ ಬೆಲೆಯೂ ಇಳಿದಿದೆ.

ಕಂಪನಿಗಳ ಮಾತ್ರೆಗೆ ಸಾವಿರಾರು ಜನರ ಪರೀಕ್ಷೆ ಮಾಡಲು ದುಡ್ಡಿದೆ, ಹೊಳೆಮತ್ತಿಗೆ ಯಾರು ಹಾಕುತ್ತಾರೆ ಎಂಬ ಆಕ್ಷೇಪ ನ್ಯಾಯವಾದದ್ದು. 1995ರಲ್ಲಿ ಇಂದೋರಿನ ವೈದ್ಯರು 12 ರೋಗಿಗಳಿಗೆ ಚಕ್ಕೆಯ ಸಾರ ಕೊಟ್ಟಾಗ ಒಳ್ಳೆಯ ಫಲ ಕಂಡಿತ್ತು. 2016ರಲ್ಲಿ ಪ್ರಕಟವಾದ, ನೂರರಷ್ಟು ರೋಗಿಗಳ 12 ವಾರಗಳ ಪರೀಕ್ಷೆಯಲ್ಲಿ ಹೃದಯ ರಕ್ತ ದೂಡುವ ಪ್ರಮಾಣ ಸುಧಾರಿಸಲಿಲ್ಲ. ಕೆಲವರ ನಡೆದಾಡುವ ಶಕ್ತಿ, ಆರಾಮ ತುಸು ಹೆಚ್ಚಿತು. ಹೊಳೆಮತ್ತಿ ನಿಷ್ಪ್ರಯೋಜಕ ಎನ್ನಲು ಇದು ಸಾಲದು, ಮಾತ್ರೆ ಬಿಟ್ಟು ಕಷಾಯ ಹಿಡಿಯಲು ಇನ್ನೂ ಸಾಲದು. ಸರ್ಕಾರ ದುಡ್ಡು ಹಾಕಿ, ಸಾವಿರಾರು ರೋಗಿಗಳಲ್ಲಿ ವರ್ಷಗಟ್ಟಲೆ ಅದನ್ನು ಪರೀಕ್ಷಿಸಬೇಕೆಂದು ಕೇಳುವುದೇ ಆ ಆಕ್ಷೇಪಕ್ಕೆ ತಕ್ಕ ಮುಂದಿನ ಹೆಜ್ಜೆ.

ತಲೆಮಾರುಗಳಿಂದ ಬಂದದ್ದು, ಸಸ್ಯದ್ದು, ಆದ್ದರಿಂದ ಸೌಮ್ಯ ಎಂಬ ನಂಬಿಕೆಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ಬೇರೆ ಉತ್ತರವೇ ಬೇಕಿಲ್ಲ. ಇಲ್ಲಿನ ಹೊಲಗಳಲ್ಲಿ ಬೆಳೆದು ಬ್ಯಾರನ್‌ಗಳಲ್ಲಿ ಹದವಾಗುವ ಹೊಗೆಸೊಪ್ಪೂ ಸಸ್ಯವೇ, ಹೃದಯವನ್ನು ಅದು ಏನು ಮಾಡುತ್ತದೆಂದು ಎಲ್ಲರಿಗೂ ಗೊತ್ತು. ಕಷಾಯ ಕುಡಿಯುವವರು ಅದನ್ನು ಹೃದ್ರೋಗದ ವೈದ್ಯರಿಗೆ ಮುಚ್ಚಿಡಬಾರದು, ಕಾಲಿನ ಬಾವು ಇಳಿಯಿತೆಂದು ಮಾತ್ರೆ ನಿಲ್ಲಿಸಲೂಬಾರದು. ಬಾವು ಇಳಿದದ್ದು ಕಣ್ಣಿಗೆ ಕಾಣುತ್ತದೆ, ಆಯಸ್ಸು ಹೆಚ್ಚಿದ್ದು ಒಬ್ಬ ರೋಗಿಯನ್ನು ನೋಡಿ ಯಾರಿಗೂ ತಿಳಿಯುವುದಿಲ್ಲ. ಸಾವಿರಾರು ಜನರನ್ನು ಎಣಿಸಿದಾಗಲೇ ತಿಳಿಯುವುದು.