ಕೆಟ್ಟ ಶೇಂಗಾ ಮನೆಗಿರಲಿ ಅನ್ನಬೇಡಿ

ಒಳ್ಳೆ ಕಾಯಿ ಮಾರಾಟಕ್ಕೆ, ಕೆಟ್ಟದ್ದು ಮನೆ ಖರ್ಚಿಗೆ. ನಮ್ಮ ಚಳ್ಳಕೆರೆ ಸೀಮೆಯಲ್ಲಿ ಅಪ್ಪನ ಕಾಲದಿಂದ ಇದೇ ಲೆಕ್ಕ. ನಾನೂ ಹಾಗೇ ಮಾಡಿಕೊಂಡು ಬಂದವನು. ಈ ಲೆಕ್ಕ ತಪ್ಪು ಅಂತ ಕಲಿಸಿದ್ದು ಒಂದು ಎಮ್ಮೆಗರು.

2021ರ ನವೆಂಬರ್. ಶೇಂಗಾ ಕಿತ್ತು ಹೊಲದಲ್ಲೇ ಹಾಕಿದ್ದೆವು. ಆ ತಿಂಗಳ ಅಕಾಲದ ಮಳೆ ನಿಮಗೂ ನೆನಪಿರಬಹುದು. ಹಿಡಿದ ಜಡಿ ಬಿಡಲಿಲ್ಲ. ಬಿಸಿಲು ಬಿದ್ದ ಮೇಲೆ ಕಾಯಿ ಬಿಡಿಸಿ, ಚೆನ್ನಾಗಿದ್ದದ್ದನ್ನು ಮಾರಿದೆ. ಕಪ್ಪಾದ, ಒಳಗೆ ಹಸಿರು ಬೂಷ್ಟು ಹಿಡಿದ ನಾಲ್ಕು ಚೀಲ ಉಳಿಯಿತು. ಒಂದು ಚೀಲ ಕುಟ್ಟಿ ಎಮ್ಮೆಗೂ ಕರುವಿಗೂ ಹಾಕತೊಡಗಿದೆ. ಉಳಿದದ್ದನ್ನು ಗಾಣಕ್ಕೆ ಹಾಕಿಸೋಣ, ಒಂದಿಷ್ಟು ಚಟ್ನಿಪುಡಿಗೆ ಇಟ್ಟುಕೊಳ್ಳೋಣ ಅಂತ ಮನೆಯವಳ ಯೋಚನೆ.

ಮೂರು ವಾರಕ್ಕೆ ಕರು ಮೇವು ಬಿಟ್ಟಿತು. ಹಲ್ಲು ಕಡಿಯುತ್ತಿತ್ತು, ನಿಂತಲ್ಲೇ ಸುತ್ತುತ್ತಿತ್ತು. ಮೂರನೇ ದಿನ ಸತ್ತಿತು. ಹಾವು ಮುಟ್ಟಿರಬೇಕು ಅಂದರು ಜನ. ಪಶುವೈದ್ಯರು ಕೊಯ್ದು ನೋಡಿದರು. ಲಿವರು ಬಣ್ಣಗೆಟ್ಟು ಗಟ್ಟಿಯಾಗಿತ್ತು.

"ಏನು ತಿನ್ನಿಸ್ತಿದ್ರಿ ಯಜಮಾನ್ರೆ?"

ಚೀಲ ತೋರಿಸಿದೆ. "ಇದೇ ಇರ್ಬೇಕು, ಬೂಷ್ಟಿನ ವಿಷ. ಮನೇಲಿ ಯಾರೂ ತಿನ್ಬೇಡಿ" ಅಂದರು. ಆ ಹೊತ್ತಿಗೆ ನನ್ನ ಮೊಮ್ಮಗ ಅದೇ ಚೀಲದ ಪಕ್ಕ ಕೂತು ಕಾಯಿ ಸುಲಿಯುತ್ತಿದ್ದ.

ಏನಿದು ವಿಷ?

ನಾನು ಓದಿದ್ದು ಏಳನೇ ಕ್ಲಾಸು. ಆಮೇಲೆ ಬಲ್ಲವರನ್ನು ಕೇಳಿ ತಿಳಿದಿದ್ದನ್ನು ಬರೆಯುತ್ತಿದ್ದೇನೆ. ಆಸ್ಪರ್ಜಿಲಸ್ ಅನ್ನೋ ಬೂಷ್ಟು ಶೇಂಗಾ, ಮೆಕ್ಕೆಜೋಳದ ಮೇಲೆ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತವು. ತಿಂದದ್ದು ಶೇಂಗಾ ಹಿಂಡಿ. ಆಗಲೇ ಈ ವಿಷ ಗೊತ್ತಾದದ್ದು.

ಮನುಷ್ಯರಿಗೂ ತಟ್ಟಿದೆ. 1974ರಲ್ಲಿ ರಾಜಸ್ಥಾನದ ಬನ್ಸ್‌ವಾರಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಮೆಕ್ಕೆಜೋಳ ಮಳೆಗೆ ನೆನೆದು ಬೂಷ್ಟು ಹಿಡಿಯಿತು. ಬಡ ಜನ, ಬೇರೆ ಕಾಳಿಲ್ಲ, ಅದನ್ನೇ ತಿಂದರು. ಕಣ್ಣು ಹಳದಿಯಾಯಿತು, ಹೊಟ್ಟೆಯಲ್ಲಿ ನೀರು ತುಂಬಿತು. 397 ಜನ ಕಾಯಿಲೆ ಬಿದ್ದು 106 ಜನ ಸತ್ತರು. ಆ ಮನೆಗಳ ನಾಯಿಗಳೂ ಸತ್ತವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಆ ಜೋಳ ಪರೀಕ್ಷೆ ಮಾಡಿದಾಗ ಕಿಲೋಗೆ 6ರಿಂದ 15 ಮಿಲಿಗ್ರಾಂ ವಿಷ ಸಿಕ್ಕಿತು. ಈಗ ಧಾನ್ಯಕ್ಕೆ ಸರಕಾರ ಇಟ್ಟಿರುವ ಮಿತಿಯ ನಾನೂರು ಪಟ್ಟಿಗೂ ಹೆಚ್ಚು. 2004ರಲ್ಲಿ ಕೀನ್ಯಾದಲ್ಲೂ ಹೀಗೇ ಆಗಿ 125 ಜನ ಸತ್ತರು. ಅದೂ ಮನೆಯಲ್ಲಿಟ್ಟ ಒದ್ದೆ ಮೆಕ್ಕೆಜೋಳವೇ.

ಬೇಯಿಸಿದರೂ ಹುರಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ. ಗಾಣಕ್ಕೆ ಹಾಕಿದರೆ ಹೆಚ್ಚಿನ ಪಾಲು ಹಿಂಡಿಯಲ್ಲಿ, ಸ್ವಲ್ಪ ಎಣ್ಣೆಯಲ್ಲಿ ಉಳಿಯುತ್ತದೆ. ಆ ಹಿಂಡಿ ತಿಂದ ಎಮ್ಮೆಯ ಹಾಲಿಗೂ ಬರುತ್ತದೆ. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಲಿವರಿನ ಕ್ಯಾನ್ಸರ್ ಬರಬಹುದು.

ಲಿವರು ಕೈಕೊಟ್ಟರೆ

ಬಲಗಡೆ ಪಕ್ಕೆಲುಬಿನ ಕೆಳಗಿರುವ ಲಿವರು ಒಂದೂವರೆ ಕಿಲೋ ತೂಗುತ್ತದೆ. ರಕ್ತ ಹೆಪ್ಪುಗಟ್ಟುವ ಸಾಮಾನು ತಯಾರಿಸುವುದು, ಮೈಯೊಳಗಿನ ವಿಷ ತೆಗೆಯುವುದು ಅದರ ಕೆಲಸ. ಅದು ದಿಢೀರನೆ ನಿಂತರೆ ರಕ್ತ ಸೋರುತ್ತದೆ, ವಿಷ ತಲೆಗೇರಿ ಬುದ್ಧಿ ತಪ್ಪುತ್ತದೆ. ಬೂಷ್ಟೊಂದೇ ಕಾರಣವಲ್ಲ. ನಮ್ಮ ದೇಶದಲ್ಲಿ ಹೆಚ್ಚಾಗಿ ಕೊಳಕು ನೀರಿನಿಂದ ಬರುವ ಕಾಮಾಲೆ ವೈರಸ್ಸು ಇದಕ್ಕೆ ಕಾರಣ. ಇಲಿ ಪಾಷಾಣ, ಅಳತೆ ಮೀರಿ ನುಂಗಿದ ಜ್ವರದ ಮಾತ್ರೆಯೂ ಹೀಗೆ ಮಾಡುತ್ತವೆ.

ಕಾಮಾಲೆ ಬಂದರೆ ನಾವು ಸೊಪ್ಪಿನ ಔಷಧಿಗೆ ಓಡುತ್ತೇವೆ. ಬಹಳ ಜನಕ್ಕೆ ತಾನಾಗಿಯೇ ವಾಸಿಯಾಗುತ್ತದೆ, ಹೆಸರು ಔಷಧಿಗೆ. ಆದರೆ ಕಾಮಾಲೆಯವರು ಹಗಲೆಲ್ಲ ನಿದ್ದೆ ಹೋಗಿ ರಾತ್ರಿ ಎಚ್ಚರವಿದ್ದರೆ, ತೊದಲಿದರೆ, ಮನೆಯವರನ್ನು ಗುರುತಿಸದಿದ್ದರೆ, ವಸಡಿನಲ್ಲಿ ರಕ್ತ ಬಂದರೆ ಅದೇ ದಿನ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ. ಬಸುರಿಯಾಗಿದ್ದರೆ ಈ ಗುರುತಿಗೆ ಕಾಯಲೇಬೇಡಿ, ಕಣ್ಣು ಹಳದಿಯಾದ ಕೂಡಲೇ ಹೊರಡಿ.

ನಾನು ಈಗ ಮಾಡುವುದು

ಕಿತ್ತ ಗಿಡ ಕಾಯಿ ಮೇಲಾಗುವಂತೆ ಮಗುಚಿ ಹಾಕುತ್ತೇನೆ. ಮೋಡ ಕಂಡರೆ ಕೂಡಿಸಿ ತಾಡಪಾಲು ಮುಚ್ಚುತ್ತೇನೆ, ಮಳೆ ನಿಂತ ಕೂಡಲೇ ತೆಗೆಯುತ್ತೇನೆ. ಕಿವಿ ಹತ್ತಿರ ಅಲ್ಲಾಡಿಸಿದರೆ ಕಾಯೊಳಗೆ ಬೀಜ ಗಲಗಲ ಅನ್ನಬೇಕು, ಅಲ್ಲಿವರೆಗೆ ಚೀಲ ತುಂಬುವುದಿಲ್ಲ. ಚೀಲ ನೆಲಕ್ಕಿಡದೆ ಹಲಗೆ ಮೇಲೆ, ಗೋಡೆಗೆ ತಾಗದಂತೆ ಇಡುತ್ತೇನೆ. ಒಡೆದ, ಹುಳು ತಿಂದ, ಮುರುಟಿದ ಕಾಯಿ ಆರಿಸಿ ತೆಗೆಯುತ್ತೇನೆ. ವಿಷ ಹೆಚ್ಚಿರುವುದು ಅಂಥದರಲ್ಲೇ. ಕೊನೆಗಾಲಕ್ಕೆ ಮಳೆ ಕೈಕೊಟ್ಟು ಹೊಲ ಒಣಗಿದರೆ ನೆಲದೊಳಗೇ ಬೂಷ್ಟು ಸೇರುತ್ತದಂತೆ. ನಮ್ಮಂಥ ಬೆದ್ದಲು ರೈತರು ಇದನ್ನು ನೆನಪಿಡಬೇಕು.

ಉಳಿದ ಮೂರು ಚೀಲ ತಿಪ್ಪೆಗೂ ಹಾಕದೆ ಗುಂಡಿ ತೋಡಿ ಹೂತೆ. ಕಷ್ಟದ ವರ್ಷ, ಕೈ ನಡುಗಿತು. ಮನೆಯವಳು ಮಾತ್ರ, "ನಮ್ಮ ಪಾಲಿಂದು ಕರು ತಿಂದ್ಕೊಂಡು ಹೋತು, ಮುಚ್ಚಿ ಅತ್ಲಾಗೆ" ಅಂದಳು.

ಮಾರಲು ಬಾರದ್ದು ತಿನ್ನಲೂ ಬಾರದು. ಈಗ ನಮ್ಮ ಮನೆಯ ಲೆಕ್ಕ ಇದು.